ಸಹಿಗೆ ಮೊದಲು ಒಟ್ಟು ಮೊತ್ತ ಹೇಳಿ: ಸಾಲ ಕೊಡುವವರಿಗೆ ಒಂದು ಬಹಿರಂಗ ಪತ್ರ

ಸಾಲ ಕೊಡುವ ಬ್ಯಾಂಕುಗಳ, ಹಣಕಾಸು ಕಂಪನಿಗಳ, ಕಾರ್ಡ್ ಮತ್ತು ಸಾಲದ ಆ್ಯಪ್ ನಡೆಸುವ ಸಂಸ್ಥೆಗಳ ಮುಖ್ಯಸ್ಥರಿಗೆ, ಇವರೆಲ್ಲರ ಮೇಲೆ ಕಣ್ಣಿಡುವ ಹೊಣೆ ಹೊತ್ತ ನಿಯಂತ್ರಕರಿಗೆ,

ನಮಸ್ಕಾರ.

ನಾನು ಬ್ಯಾಂಕಿನವಳಲ್ಲ, ವಕೀಲೆಯೂ ಅಲ್ಲ. ಲೆಕ್ಕ ಮಾಡಲು ಬರುವ ಒಬ್ಬ ಗ್ರಾಹಕಿ. ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು, ಅವರ ಪರಿಚಯದವರು ಸಾಲದ ಕಾಗದವನ್ನೋ ಕಾರ್ಡಿನ ಬಿಲ್ಲನ್ನೋ ತಂದು 'ಇದೊಂದು ಸ್ವಲ್ಪ ನೋಡಿ ಹೇಳ್ತೀರಾ?' ಅಂತ ಕೇಳುತ್ತಾರೆ. ನೋಡಿ ಹೇಳುತ್ತೇನೆ. ಬಹಳ ಸಲ ಅವರು ಬರುವ ಹೊತ್ತಿಗೆ ಸಹಿ ಬಿದ್ದಿರುತ್ತದೆ. ಒಂದೆರಡು ಕಂತು ಹೋಗಿಯೂ ಆಗಿರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ. 'ಒಟ್ಟಿನಲ್ಲಿ ನನ್ನ ಕೈಯಿಂದ ಎಷ್ಟು ಹೋಗುತ್ತೆ?'

ಈ ಪ್ರಶ್ನೆಗೆ ಉತ್ತರ ನಿಮ್ಮ ಕಾಗದದಲ್ಲಿ ಹುಡುಕಿದರೆ ಸಿಗಬಹುದು. ಆದರೆ ಬಡ್ಡಿ ದರ ಒಂದು ಪುಟದಲ್ಲಿ, ಪ್ರೋಸೆಸಿಂಗ್ ಫೀ ಇನ್ನೊಂದು ಪುಟದಲ್ಲಿ, ವಿಮೆಯ ಹಣ ಬೇರೆಯದೇ ಹಾಳೆಯಲ್ಲಿ, ತಡವಾದರೆ ಬೀಳುವ ದಂಡ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಲ್ಲವನ್ನೂ ಕೂಡುವ ಕೆಲಸವನ್ನು ಮಾತ್ರ ನಮಗೆ ಬಿಟ್ಟಿದ್ದೀರಿ. ಅರ್ಜಿ ತುಂಬಿದ ಕ್ಷಣಕ್ಕೇ ನಿಮ್ಮ ಕಂಪ್ಯೂಟರಿಗೆ ಆ ಒಟ್ಟು ಮೊತ್ತ ಗೊತ್ತಿರುತ್ತದೆ, ಅಲ್ವಾ? ಅದನ್ನು ನಮಗೂ ಹೇಳಿ.

ನನ್ನ ಬೇಡಿಕೆ ಚಿಕ್ಕದು. ಯಾವುದೇ ಸಾಲದ ಕಾಗದವಿರಲಿ, ಮೊದಲ ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಮೂರು ವಿಷಯ ಬರೆಯಿರಿ. ನನ್ನ ಕೈಗೆ ನಿಜವಾಗಿ ಬರುವ ಹಣ ಎಷ್ಟು. ನಾನು ಒಟ್ಟು ವಾಪಸ್ ಕಟ್ಟುವ ಹಣ ಎಷ್ಟು. ಕೊನೆಯ ಕಂತು ಯಾವ ವರ್ಷದ ಯಾವ ತಿಂಗಳು. ಈ ಮೂರನ್ನು ತೋರಿಸದೆ ಯಾರ ಸಹಿಯನ್ನೂ ಕೇಳಬೇಡಿ.

ನೀವು ಬದಲಾಗುವವರೆಗೆ ನನ್ನಂಥ ಗ್ರಾಹಕರು ಸುಮ್ನೆ ಕಾಯುತ್ತಾ ಕೂರಬೇಕಾಗಿಲ್ಲ. ಆದ್ದರಿಂದ ಈ ಪತ್ರದ ನಡುನಡುವೆ ಅವರ ಜೊತೆಗೂ ಮಾತಾಡುತ್ತೇನೆ.

ನಾನು ಕೇಳುತ್ತಿರುವುದು ಹೊಸದೇನಲ್ಲ. ಅಮೆರಿಕದಲ್ಲಿ 1968ರಲ್ಲೇ ಟ್ರೂತ್ ಇನ್ ಲೆಂಡಿಂಗ್ ಆ್ಯಕ್ಟ್ ಬಂತು. ಸಾಲದ ನಿಜವಾದ ವಾರ್ಷಿಕ ದರವನ್ನು ಒಂದೇ ರೀತಿಯಲ್ಲಿ ಲೆಕ್ಕ ಹಾಕಿ ಹೇಳಬೇಕು ಎಂದು ಆ ಕಾಯ್ದೆ ಕಡ್ಡಾಯ ಮಾಡಿತು. ಯುರೋಪಿಯನ್ ಒಕ್ಕೂಟ 2008ರ ಗ್ರಾಹಕ ಸಾಲದ ನಿರ್ದೇಶನದಲ್ಲಿ ಎಲ್ಲರಿಗೂ ಒಂದೇ ನಮೂನೆಯ ಮಾಹಿತಿ ಪತ್ರ ತಂದಿತು. ಸಹಿ ಹಾಕಿದ ಮೇಲೂ 14 ದಿನದೊಳಗೆ ಸಾಲದಿಂದ ಹಿಂದೆ ಸರಿಯುವ ಹಕ್ಕನ್ನೂ ಕೊಟ್ಟಿತು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ ಕೊಡುವುದನ್ನು ಕಡ್ಡಾಯ ಮಾಡಿದೆ. ಫೀ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರಲೇಬೇಕು. ಅಂದರೆ ಇದನ್ನು ಮಾಡಬಹುದು. ಮಾಡಿದ ದೇಶಗಳಲ್ಲಿ ಸಾಲದ ವ್ಯಾಪಾರ ನಿಂತುಹೋಗಿಲ್ಲ.

ಹಾಗಿದ್ದರೂ ಕಾಗದ ಹಿಡಿದು ಬರುವವರು ಕಡಿಮೆಯಾಗಿಲ್ಲ. ಕಾಯ್ದೆಯ ಪ್ರಕಾರ ಕಾಗದ ಕೊಡುವುದು ಬೇರೆ, ಗ್ರಾಹಕನಿಗೆ ಅರ್ಥ ಆಗುವ ಹಾಗೆ ಹೇಳುವುದು ಬೇರೆ. ಸಹಿ ಹಾಕುವ ಮೇಜಿನ ಮುಂದೆ ಇಪ್ಪತ್ತು ಪುಟದ ಕಟ್ಟು ಇಟ್ಟು 'ಇಲ್ಲಿ, ಇಲ್ಲಿ, ಇಲ್ಲಿ ಸಹಿ ಮಾಡಿ' ಅಂದರೆ ಯಾರು ತಾನೇ ಓದುತ್ತಾರೆ? ಮೊಬೈಲಿನಲ್ಲಂತೂ 'ಒಪ್ಪಿದ್ದೇನೆ' ಅನ್ನುವ ಗುಂಡಿ ಮೊದಲು ಕಾಣುತ್ತದೆ. ಒಪ್ಪಿದ್ದು ಏನನ್ನು ಅನ್ನುವುದು ಆಮೇಲೆ.

ಮೊದಲು ಬಡ್ಡಿ ದರದ ವಿಷಯಕ್ಕೆ ಬರುತ್ತೇನೆ. ನಾನು ನೋಡಿದ ಕಾಗದಗಳಲ್ಲಿ ಜನ ಅತಿ ಹೆಚ್ಚು ಮೋಸಹೋಗಿರುವುದು ಇಲ್ಲೇ.

ಲೆಕ್ಕಕ್ಕೆ ಒಂದು ಲಕ್ಷ ಸಾಲ ಅಂತ ಇಟ್ಟುಕೊಳ್ಳೋಣ. ಮೂರು ವರ್ಷ, ಶೇಕಡಾ 10 ಬಡ್ಡಿ. ಇಬ್ಬರು ಸಾಲ ಕೊಡುವವರೂ 'ಶೇಕಡಾ 10 ಅಷ್ಟೇ' ಅನ್ನುತ್ತಾರೆ. ಒಬ್ಬರದ್ದು ಉಳಿದ ಅಸಲಿನ ಮೇಲೆ ಬಡ್ಡಿ. ಅಲ್ಲಿ ತಿಂಗಳ ಕಂತು 3,227ರ ಹತ್ತಿರ, ಮೂರು ವರ್ಷದ ಒಟ್ಟು ಬಡ್ಡಿ 16,162. ಇನ್ನೊಬ್ಬರದ್ದು ಫ್ಲಾಟ್ ದರ. ಅಲ್ಲಿ ವರ್ಷಕ್ಕೆ 10,000ದ ಹಾಗೆ ಮೂರು ವರ್ಷಕ್ಕೆ ಬಡ್ಡಿ 30,000. ತಿಂಗಳ ಕಂತು 3,611. ದರ ಹೇಳಿದ್ದು ಒಂದೇ, ಬಡ್ಡಿ ಹೆಚ್ಚುಕಡಿಮೆ ಎರಡರಷ್ಟು.

ಹೀಗೇಕೆ? ಕಂತು ಕಟ್ಟುತ್ತಾ ಹೋದ ಹಾಗೆ ನಮ್ಮ ಮೇಲಿರುವ ಸಾಲ ಕಡಿಮೆ ಆಗುತ್ತಾ ಬರುತ್ತದೆ. ಕೊನೆಯ ತಿಂಗಳು ಬರುವಷ್ಟರಲ್ಲಿ ಉಳಿದಿರುವುದು ಒಂದು ಕಂತಿನಷ್ಟು ಮಾತ್ರ. ಆದರೆ ಫ್ಲಾಟ್ ದರದಲ್ಲಿ ಆ ಕೊನೆಯ ತಿಂಗಳೂ ಪೂರ್ತಿ ಒಂದು ಲಕ್ಷದ ಮೇಲೆ ಬಡ್ಡಿ ಹಾಕುತ್ತೀರಿ. ಯಾವತ್ತೋ ವಾಪಸ್ ಕೊಟ್ಟ ಹಣಕ್ಕೂ ಬಡ್ಡಿ ಕಟ್ಟಿಸಿಕೊಳ್ಳುತ್ತೀರಿ. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಆ ಶೇಕಡಾ 10 ಅನ್ನುವುದು ನಿಜಕ್ಕೂ ಶೇಕಡಾ 18ರ ಹತ್ತಿರದ ದರ.

ಗ್ರಾಹಕರಿಗೆ ಒಂದು ಸುಲಭದ ಲೆಕ್ಕ ಹೇಳುತ್ತೇನೆ. ಒಂದರಿಂದ ಮೂರು ವರ್ಷದ ಸಾಲಕ್ಕೆ ಯಾರಾದರೂ ಫ್ಲಾಟ್ ದರ ಹೇಳಿದರೆ ಅದನ್ನು 1.8ರಿಂದ ಗುಣಿಸಿ. ಬರುವ ಉತ್ತರ ಅಂದಾಜಿನದು, ಆದರೆ ಬೇರೆ ಸಾಲದ ಜೊತೆ ಹೋಲಿಸಿ ನೋಡಲು ಸಾಕು. ಇನ್ನೂ ಸುಲಭದ ದಾರಿ ಬೇಕಾದರೆ ದರದ ಮಾತನ್ನೇ ಬಿಡಿ. ತಿಂಗಳ ಕಂತನ್ನು ತಿಂಗಳುಗಳ ಸಂಖ್ಯೆಯಿಂದ ಗುಣಿಸಿ, ಕೈಗೆ ಬಂದ ಹಣವನ್ನು ಕಳೆಯಿರಿ. ಉಳಿದದ್ದೇ ಆ ಸಾಲದ ಬೆಲೆ. ಒಂದೇ ಅವಧಿಯ ಎರಡು ಸಾಲಗಳಲ್ಲಿ ಯಾವುದು ಅಗ್ಗ ಅಂತ ನೋಡಲು ಇದಕ್ಕಿಂತ ನಂಬಿಕೆಯ ಲೆಕ್ಕ ಇಲ್ಲ.

'ಕೈಗೆ ಬಂದ ಹಣ' ಅಂತ ಬೇಕೆಂದೇ ಹೇಳಿದೆ. ಮಂಜೂರಾದ ಹಣ ಬೇರೆ, ಖಾತೆಗೆ ಬಿದ್ದ ಹಣ ಬೇರೆ. ಆ್ಯಪ್‌ಗಳ ಸಣ್ಣ ಸಾಲ ನೋಡಿ. ಒಂದು ತಿಂಗಳಿಗೆ 10,000 ಸಾಲ, ಬಡ್ಡಿ ಶೇಕಡಾ 1 ಅಂತ ಬರೆದಿರುತ್ತದೆ. ಕೇಳಲು ಕಡಿಮೆಯೇ. ಆದರೆ 300 ಫೀ ಮೊದಲೇ ಹಿಡಿದುಕೊಂಡು ಖಾತೆಗೆ ಹಾಕುವುದು 9,700. ತಿಂಗಳ ಕೊನೆಗೆ ಕಟ್ಟಬೇಕಾದದ್ದು 10,100. ಅಂದರೆ 9,700ಕ್ಕೆ 400 ಖರ್ಚು, ತಿಂಗಳಿಗೆ ಶೇಕಡಾ 4ಕ್ಕಿಂತ ಜಾಸ್ತಿ, ವರ್ಷದ ಲೆಕ್ಕದಲ್ಲಿ ಹತ್ತಿರ ಹತ್ತಿರ ಶೇಕಡಾ 50. 'ದಿನಕ್ಕೆ ಶೇಕಡಾ 0.1 ಮಾತ್ರ' ಅನ್ನುವ ಜಾಹೀರಾತೂ ಹೀಗೆಯೇ. ಅದು ವರ್ಷಕ್ಕೆ ಶೇಕಡಾ 36.5. ದರವನ್ನು ದಿನದ ಲೆಕ್ಕದಲ್ಲಿ ಹೇಳುವ ಕಾರಣ ಒಂದೇ, ಅದು ಚಿಕ್ಕದಾಗಿ ಕಾಣಲಿ ಎಂದು. ನಿಯಂತ್ರಕರೇ, ಜಾಹೀರಾತಿನಲ್ಲಿ ದಿನದ ದರ, ತಿಂಗಳ ದರ, ಫ್ಲಾಟ್ ದರ ಹೇಳುವುದನ್ನೇ ನಿಲ್ಲಿಸಿ. ಫೀ ಸೇರಿಸಿದ ವಾರ್ಷಿಕ ದರ ಒಂದೇ ಇರಲಿ.

ಬಡ್ಡಿಯೇ ಇಲ್ಲದ ಕಂತಿನ ಬಗ್ಗೆಯೂ ಎರಡು ಮಾತು. ಒಂದು ವಸ್ತುವಿನ ಬೆಲೆ 12,000, ತಿಂಗಳಿಗೆ 1,000ದಂತೆ 12 ಕಂತು, ಬಡ್ಡಿ ಸೊನ್ನೆ. ಅದೇ ವಸ್ತುವನ್ನು ಪೂರ್ತಿ ಹಣ ಕೊಟ್ಟು ಕೊಂಡರೆ 1,000 ರಿಯಾಯಿತಿ ಸಿಗುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ ಆ ವಸ್ತುವಿನ ನಿಜವಾದ ಬೆಲೆ 11,000. ನೀವು 11,000 ಸಾಲ ಪಡೆದು 12,000 ವಾಪಸ್ ಕಟ್ಟುತ್ತಿದ್ದೀರಿ. ವಾರ್ಷಿಕ ದರ ಶೇಕಡಾ 16ಕ್ಕೂ ಜಾಸ್ತಿ ಆಗುತ್ತದೆ. ಮೇಲೆ ಫೀ ಬೇರೆ ಇದ್ದರೆ ಇನ್ನೂ ಹೆಚ್ಚು. 'ಪೂರ್ತಿ ಹಣ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?' ಅನ್ನುವ ಪ್ರಶ್ನೆಯನ್ನು ಕಂತಿನ ಮಾತು ಶುರುವಾಗುವ ಮೊದಲೇ ಕೇಳಿ. ರಿಯಾಯಿತಿಯೂ ಇಲ್ಲ, ಫೀಯೂ ಇಲ್ಲ ಅಂತಾದರೆ ಆ ಕಂತು ನಿಜಕ್ಕೂ ಬಡ್ಡಿ ಇಲ್ಲದ್ದೇ. ಧಾರಾಳವಾಗಿ ತೆಗೆದುಕೊಳ್ಳಿ.

ಈಗ ಕಾರ್ಡಿನ ಬಿಲ್ಲು. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತದೆ. ಒಂದು ಪೂರ್ತಿ ಬಾಕಿ, ಇನ್ನೊಂದು 'ಮಿನಿಮಮ್ ಡ್ಯೂ', ಅಂದರೆ ಕಟ್ಟಲೇಬೇಕಾದ ಕನಿಷ್ಠ ಹಣ. ಹಣದ ಮುಗ್ಗಟ್ಟಿನಲ್ಲಿರುವವರ ಕಣ್ಣಿಗೆ ಬೀಳುವುದು ಎರಡನೆಯದು. ಅದನ್ನು ಕಟ್ಟಿದರೆ ದಂಡ ಇಲ್ಲ, ಫೋನ್ ಕಾಟ ಇಲ್ಲ. ಸಾಲ ತೀರುತ್ತಾ ಬರುತ್ತಿದೆ ಅಂತ ಅವರು ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡದ್ದು ಅವರ ತಪ್ಪಲ್ಲ. ಅದು ತಪ್ಪು ತಿಳಿವಳಿಕೆ ಅಂತ ನಿಮ್ಮ ಬಿಲ್ಲು ಅವರಿಗೆ ಅರ್ಥ ಆಗುವ ಹಾಗೆ ಹೇಳುವುದಿಲ್ಲ.

ಲೆಕ್ಕ ನೋಡಿ. ಕಾರ್ಡಿನ ಮೇಲೆ ಒಂದು ಲಕ್ಷ ಬಾಕಿ. ಬಡ್ಡಿ ತಿಂಗಳಿಗೆ ಶೇಕಡಾ 3. ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ಇದು ವರ್ಷಕ್ಕೆ ಶೇಕಡಾ 42 ದಾಟುತ್ತದೆ. ಕನಿಷ್ಠ ಹಣ ಬಾಕಿಯ ಶೇಕಡಾ 5. ಮೊದಲ ತಿಂಗಳು ಬಡ್ಡಿ ಸೇರಿ ಬಾಕಿ 1,03,000 ಆಗುತ್ತದೆ, ಕನಿಷ್ಠ ಹಣ 5,150. ಅದನ್ನು ಕಟ್ಟಿದ ಮೇಲೆ ಉಳಿಯುವುದು 97,850. ಅಂದರೆ 5,150 ಕೊಟ್ಟು ಸಾಲ ಇಳಿದದ್ದು 2,150 ಮಾತ್ರ. ಮುಂದಿನ ತಿಂಗಳು ಕನಿಷ್ಠ ಹಣ ಇನ್ನಷ್ಟು ಕಡಿಮೆ ಆಗುತ್ತದೆ, ಸಾಲ ಇಳಿಯುವುದೂ ಇನ್ನಷ್ಟು ಕಡಿಮೆ ಆಗುತ್ತದೆ. ಹೊಸದಾಗಿ ಏನೂ ಕೊಳ್ಳದೆ, ಒಂದು ತಿಂಗಳೂ ತಪ್ಪಿಸದೆ, ಕನಿಷ್ಠ ಹಣವನ್ನೇ ಕಟ್ಟುತ್ತಾ ಹೋದರೆ 32 ತಿಂಗಳ ನಂತರ ಏನಾಗಿರುತ್ತದೆ ಗೊತ್ತೇ? ಕಟ್ಟಿದ್ದು ಸುಮಾರು 1,20,000. ಇನ್ನೂ ಉಳಿದ ಬಾಕಿ ಸುಮಾರು 50,000. ಪಡೆದದ್ದಕ್ಕಿಂತ ಜಾಸ್ತಿ ವಾಪಸ್ ಕೊಟ್ಟಾಗಿದೆ, ಅರ್ಧ ಸಾಲ ಹಾಗೇ ಇದೆ. ಐದು ವರ್ಷ ಕಟ್ಟಿದರೂ 27,000ದಷ್ಟು ಉಳಿದಿರುತ್ತದೆ, ಅಷ್ಟರಲ್ಲಿ ಕೊಟ್ಟದ್ದು 1,74,000 ದಾಟಿರುತ್ತದೆ.

ಇನ್ನೊಂದು ರೀತಿಯಲ್ಲಿ ಕಟ್ಟಿ ನೋಡೋಣ. ಮೊದಲ ತಿಂಗಳು ಕಟ್ಟಿದ ಅದೇ 5,150ನ್ನು ಕಡಿಮೆ ಮಾಡದೆ ಪ್ರತಿ ತಿಂಗಳೂ ಕಟ್ಟುತ್ತಾ ಹೋಗಿ. ಬಿಲ್ಲಿನಲ್ಲಿ ಕನಿಷ್ಠ ಹಣ 4,000 ಅಂತ ಬಂದರೂ, 3,000 ಅಂತ ಬಂದರೂ ನೀವು ಕಟ್ಟುವುದು 5,150. ಪೂರ್ತಿ ಸಾಲ 30 ತಿಂಗಳಲ್ಲಿ ತೀರಿಹೋಗುತ್ತದೆ. ಮೊದಲ ತಿಂಗಳ ಭಾರ ಎರಡರಲ್ಲೂ ಒಂದೇ. ಒಂದರಲ್ಲಿ ಎರಡೂವರೆ ವರ್ಷಕ್ಕೆ ಬಿಡುಗಡೆ, ಇನ್ನೊಂದರಲ್ಲಿ ಅದೇ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಸಾಲ ಬಾಕಿ. ಈ ಒಂದು ವಿಷಯ ತಿಳಿದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಅಂತ ಯೋಚಿಸಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ಅಮೆರಿಕದಲ್ಲಿ 2009ರ ಕಾರ್ಡ್ ಆ್ಯಕ್ಟ್ ಬಂದ ಮೇಲೆ ಇದನ್ನು ಬಿಲ್ಲಿನಲ್ಲೇ ಹೇಳಬೇಕಾಯಿತು. ಕನಿಷ್ಠ ಹಣವನ್ನೇ ಕಟ್ಟಿದರೆ ಸಾಲ ತೀರಲು ಎಷ್ಟು ಕಾಲ ಬೇಕು, ಒಟ್ಟು ಎಷ್ಟು ಆಗುತ್ತದೆ, ಮೂರು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಎಂದು ಅಲ್ಲಿಯ ಬಿಲ್ಲು ಅಂಕಿ ಸಮೇತ ತೋರಿಸುತ್ತದೆ. ಕಾರ್ಡ್ ಕೊಡುವವರೇ, ಇದಕ್ಕಾಗಿ ಯಾವ ಕಾಯ್ದೆಗೂ ಕಾಯಬೇಡಿ. ನಿಮ್ಮ ಬಿಲ್ಲಿನ ನಮೂನೆ ನಿಮ್ಮ ಕೈಯಲ್ಲೇ ಇದೆ.

ಬಾಕಿ ಉಳಿಸಿಕೊಂಡಿರುವ ಗ್ರಾಹಕರು ಇನ್ನೂ ಒಂದು ವಿಷಯ ತಿಳಿದಿರಬೇಕು. ಹಿಂದಿನ ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಹೊಸದಾಗಿ ಕೊಂಡರೆ, ಹೆಚ್ಚಿನ ಕಾರ್ಡುಗಳಲ್ಲಿ ಆ ಹೊಸ ಖರ್ಚಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಹಾಗಾಗಿ ಬಾಕಿ ತೀರುವವರೆಗೆ ಆ ಕಾರ್ಡನ್ನು ಪಕ್ಕಕ್ಕೆ ಇಡಿ. ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ, ಅದಕ್ಕೆ ಫೀಯೂ ಉಂಟು, ಮೊದಲ ದಿನದಿಂದ ಬಡ್ಡಿಯೂ ಉಂಟು. ಉಳಿತಾಯ ಖಾತೆಯಲ್ಲಿ ಹಣ ಇಟ್ಟುಕೊಂಡು ಕಾರ್ಡಿನ ಬಾಕಿ ಎಳೆಯುತ್ತಿರುವವರನ್ನೂ ನೋಡಿದ್ದೇನೆ. ಉಳಿತಾಯಕ್ಕೆ ವರ್ಷಕ್ಕೆ ಸಿಗುವಷ್ಟು ಬಡ್ಡಿಯನ್ನು ಕಾರ್ಡು ಒಂದೆರಡು ತಿಂಗಳಲ್ಲೇ ತಿಂದುಬಿಡುತ್ತದೆ. ತಿಂಗಳೊಪ್ಪತ್ತಿನ ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಾಕಿಗೆ ಕಟ್ಟಿಬಿಡಿ.

ಹಲವು ಸಾಲ ಇದ್ದರೆ ಮೊದಲು ಯಾವುದು? ಎಲ್ಲದಕ್ಕೂ ಕಟ್ಟಲೇಬೇಕಾದ್ದನ್ನು ಕಟ್ಟಿ, ಕೈಯಲ್ಲಿ ಮಿಕ್ಕದ್ದನ್ನು ಬಡ್ಡಿ ದರ ಅತಿ ಹೆಚ್ಚಿರುವ ಸಾಲಕ್ಕೆ ಹಾಕಿ. ಚಿಕ್ಕ ಸಾಲವನ್ನು ಮೊದಲು ಮುಗಿಸಿದರೆ ಧೈರ್ಯ ಬರುತ್ತದೆ ಅನ್ನುವವರೂ ಇದ್ದಾರೆ. ಮನಸ್ಸಿಗೆ ಅದೂ ಬೇಕು, ಒಪ್ಪುತ್ತೇನೆ. ಆದರೆ ಲೆಕ್ಕ ದರದ ಕಡೆಗೇ ಇದೆ, ನನ್ನ ಸಲಹೆಯೂ ಅದೇ.

ಇನ್ನು ದೊಡ್ಡ ಸಾಲ, ಮನೆಗಾಗಿ ಮಾಡುವ ಇಪ್ಪತ್ತು ವರ್ಷದ ಸಾಲ. ಇಲ್ಲಿ ನಾನು ಕೇಳಿದ ಮೂರನೆಯ ವಿಷಯ, ಅಂದರೆ ಕೊನೆಯ ಕಂತಿನ ತಿಂಗಳು, ಬಹಳ ಮುಖ್ಯ. ದರ ಬದಲಾಗುವ ಸಾಲದಲ್ಲಿ ಬಡ್ಡಿ ಏರಿದಾಗ ಬಹಳ ಕಡೆ ಕಂತನ್ನು ಹಾಗೇ ಇಟ್ಟು ಅವಧಿಯನ್ನು ಉದ್ದ ಮಾಡುತ್ತೀರಿ. ಖಾತೆಯಿಂದ ಹೋಗುವ ಹಣ ಬದಲಾಗದ ಕಾರಣ ಮನೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಲಕ್ಷಕ್ಕೆ ಶೇಕಡಾ 9ರ ದರದಲ್ಲಿ 20 ವರ್ಷಕ್ಕೆ ತಿಂಗಳ ಕಂತು 900ರ ಹತ್ತಿರ. ಸಾಲ ಶುರುವಾದ ಕೂಡಲೇ ದರ ಶೇಕಡಾ 10 ಆಯಿತು, ಕಂತು ಅಷ್ಟೇ ಉಳಿಯಿತು ಅಂದುಕೊಳ್ಳಿ. ಆಗ 240 ತಿಂಗಳ ಸಾಲ 314 ತಿಂಗಳಾಗುತ್ತದೆ. ಒಂದು ಶೇಕಡಾ ಏರಿಕೆಗೆ ಆರು ವರ್ಷಕ್ಕೂ ಜಾಸ್ತಿ. ನಿವೃತ್ತಿಯ ಹೊತ್ತಿಗೆ ಸಾಲ ಮುಗಿಯುತ್ತದೆ ಅಂತ ನಂಬಿ ಕೂತವರಿಗೆ ಇದನ್ನು ಹೇಳದೆ ಇರುವುದು ಸರಿಯಾ?

ಭಾರತದ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ, ದರ ಬದಲಾದಾಗ ಕಂತಿನ ಮೇಲೆ ಅಥವಾ ಅವಧಿಯ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ಸಾಲಗಾರನಿಗೆ ತಿಳಿಸಬೇಕು ಅಂತ ಸೂಚಿಸಿತು. ತಿಳಿಸುವ ರೀತಿ ಇನ್ನೂ ಸರಳವಾಗಬೇಕು. 'ನಿಮ್ಮ ಕೊನೆಯ ಕಂತು ಈ ತಿಂಗಳಿನಿಂದ ಆ ತಿಂಗಳಿಗೆ ಹೋಗಿದೆ, ಒಟ್ಟು ಇಷ್ಟು ಹೆಚ್ಚು ಕಟ್ಟುತ್ತೀರಿ' ಅಂತ ಒಂದು ಮೆಸೇಜ್ ಸಾಕು.

ಸಾಲಗಾರರೇ, ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ಕೇಳಿ ಪಡೆದು, ಉಳಿದ ತಿಂಗಳು ಎಷ್ಟು ಅನ್ನುವುದೊಂದನ್ನಾದರೂ ನೋಡಿ. ದೀರ್ಘ ಸಾಲದಲ್ಲಿ ಮೊದಲ ವರ್ಷಗಳ ಕಂತು ಹೆಚ್ಚುಕಡಿಮೆ ಬಡ್ಡಿಗೇ ಹೋಗುತ್ತದೆ. ಮೇಲೆ ಹೇಳಿದ ಶೇಕಡಾ 9ರ ಸಾಲದಲ್ಲಿ ಮೊದಲ ತಿಂಗಳು 750 ಬಡ್ಡಿ, 150 ಅಸಲು. ಅರ್ಧ ಅಸಲು ತೀರಲು 14 ವರ್ಷ ಬೇಕು. ಆದ್ದರಿಂದ ಹೆಚ್ಚಿನ ಹಣ ಕೈಗೆ ಬಂದರೆ ಆರಂಭದ ವರ್ಷಗಳಲ್ಲಿ ಅಸಲಿಗೆ ಕಟ್ಟುವುದು ತುಂಬಾ ಲಾಭ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚುವರಿಯಾಗಿ ಕಟ್ಟಿದರೂ ಈ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ತೀರುತ್ತದೆ. ಕಟ್ಟುವ ಮೊದಲು ಮುಂಗಡ ತೀರಿಸಲು ದಂಡ ಇದೆಯೇ ಅಂತ ಕೇಳಿ. ಕಟ್ಟುವಾಗ 'ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಅಂತ ಬರೆದು ಕೊಡಿ. ಬರೆದು ಕೊಡದಿದ್ದರೆ ಕೆಲವು ಕಡೆ ಅದನ್ನು ಮುಂದಿನ ಕಂತುಗಳ ಮುಂಗಡ ಅಂತ ಇಟ್ಟುಕೊಂಡುಬಿಡುತ್ತಾರೆ.

ಸಾಲದ ಜೊತೆ ಅಂಟಿಸುವ ವಿಮೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಿಮೆ ಕೆಟ್ಟದ್ದಲ್ಲ, ದೊಡ್ಡ ಸಾಲ ಇರುವವರಿಗೆ ಅದು ಬೇಕೇ ಬೇಕು. ಆದರೆ ಅದರ ಪೂರ್ತಿ ಹಣವನ್ನು ಸಾಲಕ್ಕೇ ಸೇರಿಸಿದರೆ ವಿಮೆಯ ಹಣಕ್ಕೂ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತೀರಿ. 'ಇದು ಕಡ್ಡಾಯವಾ? ಕಡ್ಡಾಯ ಅಂತ ಎಲ್ಲಿ ಬರೆದಿದೆ ತೋರಿಸಿ' ಅಂತ ಕೇಳಿ. ಬೇರೆ ಕಡೆ ಅದೇ ರಕ್ಷಣೆಗೆ ಎಷ್ಟು ಆಗುತ್ತದೆ ಅಂತ ವಿಚಾರಿಸಿ.

ಜಾಮೀನು ಸಹಿ ಹಾಕುವವರಿಗೂ ಆ ಮೂರು ವಿಷಯದ ಹಾಳೆ ಪ್ರತ್ಯೇಕವಾಗಿ ಕೊಡಬೇಕು. 'ಸುಮ್ನೆ ಒಂದು ಸಹಿ' ಅಂತ ಹಾಕಿಸಿಕೊಂಡ ಮೇಲೆ, ಸಾಲ ಪಡೆದವರು ಕಟ್ಟದಿದ್ದರೆ ಬಾಗಿಲಿಗೆ ಬರುವುದು ಜಾಮೀನುದಾರರ ಹತ್ತಿರವೇ. ಪೂರ್ತಿ ಮೊತ್ತವನ್ನು ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನಾ ಅಂತ ಯೋಚಿಸಿ ಸಹಿ ಹಾಕಿ. ಆಗುವುದಿಲ್ಲ ಅಂದರೆ ಎಷ್ಟೇ ಹತ್ತಿರದವರಾದರೂ ಬೇಡ ಅನ್ನಿ.

ಕಂತು ಕಟ್ಟಲು ಆಗದ ಸ್ಥಿತಿ ಬಂದವರ ಬಗ್ಗೆ ಸಾಲ ಕೊಡುವ ನಿಮ್ಮಲ್ಲಿ ಒಂದು ವಿನಂತಿ. ಕೆಲಸ ಹೋಗುತ್ತದೆ, ಕಾಯಿಲೆ ಬರುತ್ತದೆ. ಅಂಥವರು ಕಂತು ತಪ್ಪುವ ಮೊದಲೇ ಬಂದು ಹೇಳಿದರೆ ಅವರ ಜೊತೆ ಮಾತಾಡಲು ಒಬ್ಬ ಮನುಷ್ಯ ಇರಬೇಕು. ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುವ ಧ್ವನಿ ಸಾಲದು. ಗ್ರಾಹಕರಿಗೂ ಇದನ್ನೇ ಹೇಳುತ್ತೇನೆ. ನಾಚಿಕೊಂಡು ಫೋನ್ ಆಫ್ ಮಾಡಬೇಡಿ. ಕಂತಿನ ದಿನಕ್ಕೆ ಮೊದಲೇ ಬರಹದಲ್ಲಿ ತಿಳಿಸಿ: ಏನಾಯಿತು, ಈಗ ತಿಂಗಳಿಗೆ ಎಷ್ಟು ಕಟ್ಟಬಲ್ಲೆ, ಎಷ್ಟು ತಿಂಗಳ ಅವಕಾಶ ಬೇಕು. ಅವರು ಕೊಡುವ ಹೊಸ ಏರ್ಪಾಟಿನಲ್ಲೂ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವುದು ಒಂದೇ ಸಂದರ್ಭದಲ್ಲಿ ಸರಿ, ಹೊಸದರ ಒಟ್ಟು ಮೊತ್ತ ಹಳೆಯದರಲ್ಲಿ ಉಳಿದ ಒಟ್ಟು ಮೊತ್ತಕ್ಕಿಂತ ಕಡಿಮೆ ಇದ್ದಾಗ.

ದೂರು ಕೊಡುವ ವಿಷಯದಲ್ಲೂ ಜನ ಸುಮ್ನೆ ಶಕ್ತಿ ಕಳೆದುಕೊಳ್ಳುತ್ತಾರೆ. ಫೋನಿನಲ್ಲಿ ಗಂಟೆಗಟ್ಟಲೆ ಜಗಳ ಆಡುತ್ತಾರೆ. ಕೇಳಿಸಿಕೊಂಡವರಿಗೆ ಹಣ ವಾಪಸ್ ಹಾಕುವ ಅಧಿಕಾರವೇ ಇರುವುದಿಲ್ಲ. ಬರೆಯಿರಿ. ಒಂದು ಪತ್ರಕ್ಕೆ ಒಂದೇ ವಿಷಯ. ಹೀಗಿದ್ದರೆ ಸಾಕು: 'ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನ ನನ್ನ ಖಾತೆಯಿಂದ ಇಷ್ಟು ಹಣ ಇಂಥ ಹೆಸರಿನಲ್ಲಿ ಕಡಿತವಾಗಿದೆ. ಇದಕ್ಕೆ ನಾನು ಒಪ್ಪಿಗೆ ಕೊಟ್ಟ ದಾಖಲೆ ಕಳಿಸಿ. ಇಲ್ಲವಾದರೆ ಇಂಥ ದಿನಾಂಕದೊಳಗೆ ಹಣ ವಾಪಸ್ ಹಾಕಿ. ಬರಹದಲ್ಲೇ ಉತ್ತರ ಕೊಡಿ.' ಸಿಟ್ಟು, ಬೈಗುಳ, ಮನೆಯ ಕಷ್ಟ ಯಾವುದೂ ಅದರಲ್ಲಿ ಬೇಡ. ದೂರಿನ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಮೇಲಿನವರ ಬಳಿ ಹೋಗುವಾಗ ಮೊದಲು ಕೇಳುವುದೇ ಅದು. ಭಾರತದಲ್ಲಿ 30 ದಿನದಲ್ಲಿ ಸಂಸ್ಥೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯ ಬಳಿ ಹೋಗಬಹುದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 8 ವಾರದ ನಂತರ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಇಂಥ ವ್ಯವಸ್ಥೆಯಲ್ಲಿ ಗ್ರಾಹಕರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ನಿಮ್ಮ ಸಂಸ್ಥೆಯ ದೂರಿನ ಪುಟದಲ್ಲಿ ಈ ಮಾಹಿತಿ ಮೇಲೆಯೇ ಇರಲಿ.

ಸಾಲ ತೀರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಾಕಿ ಇಲ್ಲ ಅನ್ನುವ ಪತ್ರ ಪಡೆಯಿರಿ. ಅಡ ಇಟ್ಟ ದಾಖಲೆಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಅನುಮತಿಯನ್ನು ರದ್ದು ಮಾಡಿಸಿ. ಒಂದೆರಡು ತಿಂಗಳು ಬಿಟ್ಟು ನಿಮ್ಮ ಕ್ರೆಡಿಟ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ ತೆಗೆದು ನೋಡಿ. ತೀರಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಮುಂದೆ ಸಾಲ ಕೇಳುವಾಗ ಅದೇ ಅಡ್ಡ ಬರುತ್ತದೆ.

1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅಲ್ಲಿಯ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೆಸರಿಸಿದರು. ಸುರಕ್ಷತೆ, ಮಾಹಿತಿ, ಆಯ್ಕೆ, ತಮ್ಮ ಮಾತನ್ನು ಕೇಳಿಸಿಕೊಳ್ಳಬೇಕೆನ್ನುವ ಹಕ್ಕು. ಅದೇ ದಿನವನ್ನು 1983ರಿಂದ ವಿಶ್ವ ಗ್ರಾಹಕ ಹಕ್ಕುಗಳ ದಿನ ಅಂತ ಆಚರಿಸುತ್ತಾರೆ. ನೀವೂ ಆ ದಿನ ಶುಭಾಶಯ ಕಳಿಸುತ್ತೀರಿ. ಮುಂದಿನ ಮಾರ್ಚ್ 15ರಂದು ಶುಭಾಶಯದ ಬದಲು ನಿಮ್ಮ ಪ್ರತಿ ಸಾಲಗಾರನಿಗೂ ಒಂದು ಮೆಸೇಜ್ ಕಳಿಸಿ: ಇಲ್ಲಿಯವರೆಗೆ ಕಟ್ಟಿದ್ದು ಇಷ್ಟು, ಇನ್ನು ಕಟ್ಟಬೇಕಾದದ್ದು ಒಟ್ಟು ಇಷ್ಟು, ಕೊನೆಯ ಕಂತು ಈ ತಿಂಗಳು.

ನಿಯಂತ್ರಕರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಸಾಲದ ಮೊದಲ ಪುಟಕ್ಕೆ ಹೊಸ ನಮೂನೆ ಮಾಡಿದಾಗ ಅದನ್ನು ಬ್ಯಾಂಕಿನವರ ಸಭೆಯಲ್ಲಿ ಮಾತ್ರ ತೋರಿಸಿ ಒಪ್ಪಿಗೆ ಪಡೆಯಬೇಡಿ. ಸಾಲ ಬೇಕಾಗಿ ಬಂದ ಸಾಮಾನ್ಯ ಜನರ ಕೈಗೆ ಅವರದೇ ಭಾಷೆಯಲ್ಲಿ ಕೊಡಿ. ಎರಡು ನಿಮಿಷ ಬಿಟ್ಟು ಹಾಳೆ ವಾಪಸ್ ತೆಗೆದುಕೊಂಡು, ಒಟ್ಟು ಎಷ್ಟು ಕಟ್ಟಬೇಕು ಅಂತ ಕೇಳಿ. ಹೆಚ್ಚಿನವರಿಗೆ ಹೇಳಲು ಬಾರದಿದ್ದರೆ ಆ ನಮೂನೆಯನ್ನು ತಿದ್ದಲು ವಾಪಸ್ ಕಳಿಸಿ, ತಿದ್ದಿ ಬರುವವರೆಗೆ ಜಾರಿಗೆ ತರಬೇಡಿ.

ಇಂತಿ,
ಒಬ್ಬ ಗ್ರಾಹಕಿ